ಅದೇ ಹುಳು

ನಿಪ್ಪೊಂಬಾಶಿಯ ಮೂರನೇ ಮಹಡಿ. ಲಿಫ್ಟ್ ಇಲ್ಲ.
ಎಪ್ಪತ್ತೊಂದರ ಕುವಾಬಾರ ಮೆಟ್ಟಿಲೇರಿ ಬಂದು
ಮೊದಲು ಉಸಿರು ಇಳಿಸಿದರು, ಆಮೇಲೆ ಚೀಲ.
"ತಂತಿಯಿಲ್ಲದ್ದು ಬೇಕಮ್ಮ, ರೈಲಿನಲ್ಲಿ ಕೇಳಲು.
ಆದರೆ ಒಂದು ಹುಳುವಿನ ದನಿ ಅದರೊಳಗೆ ತೂರಬೇಕು."

ಸುಜುಮುಶಿ, ಗಂಟೆಹುಳು.
ಬಾಲ್ಕನಿಯ ಡಬ್ಬಿಯಲ್ಲಿ ಬದನೆ ಹೋಳು ಮೆಂದು
ಆಗಸ್ಟಿನಿಂದ ರೆಕ್ಕೆಗೆ ರೆಕ್ಕೆ ಮಸೆದು ಮಸೆದು
ಅಕ್ಟೋಬರಿಗೆ ಸತ್ತಿತು. ಫೋನಿನಲ್ಲಿ ಉಳಿದದ್ದು ಹನ್ನೊಂದು ನಿಮಿಷ.
ಹಿಂದೊಮ್ಮೆ ಹೊಕ್ಕೈಡೋದ ಅಕ್ಕನಿಗೆಂದು
ಲ್ಯಾಂಡ್‌ಲೈನಿನ ರಿಸೀವರು ಡಬ್ಬಿಗೆ ಹಿಡಿದಿದ್ದರಂತೆ.
"ಖಾಲಿ ಡಬ್ಬಿ ಯಾಕೋ ಕೇಳಿಸ್ತೀಯ?" ಎಂದಳಂತೆ ಅಕ್ಕ.
ಅಷ್ಟೆತ್ತರದ ದನಿ ಹೊರಲು ಆ ತಂತಿಗೆ ಹೆಗಲಿರಲಿಲ್ಲ.

ನಾನು ಈ ಅಂಗಡಿಯ ಕಿವಿ.
ನಮ್ಮ ಚಿಜುರುವಿನ ಮುಂದೆ ಬಾವಲಿ ನಾಚಬೇಕು ಎಂದು
ಯಜಮಾನ ನಿಶಿಗೋರಿ ಗಿರಾಕಿಗಳೆದುರು ಹೇಳುವುದುಂಟು.
ವಿವರಿಸಿದೆ: ಗಾಳಿಯಲ್ಲಿ ದಾರಿ ಕಿರಿದು, ಹಾಡು ದಪ್ಪ.
ಹಾಗಾಗಿ ಕೋಡೆಕ್ಕಿಗೊಂದು ಜರಡಿ.
ದೊಡ್ಡ ಸದ್ದಿನ ನೆರಳಲ್ಲಿ ನಿಂತ ಸಣ್ಣ ಸದ್ದನ್ನು
ಇದು ಹೇಗೂ ನಿಮಗೆ ಕೇಳದು ಎಂದು ಕೇರಿ ಬಿಸಾಡಿ
ಮಿಕ್ಕದ್ದನ್ನು ಸುರಿಯುತ್ತದೆ.
"ನನಗೆ ಕೇಳದು ಅಂತ ಅದಕ್ಕೆ ಯಾರು ಹೇಳಿದರು?"
ಈ ಪ್ರಶ್ನೆಗೆ ನನ್ನ ಕೈಪಿಡಿಯಲ್ಲಿ ಪುಟವಿಲ್ಲ.

ಮೊದಲು ಎಸ್‌ಬಿಸಿ, ಮುನ್ನೂರ ಇಪ್ಪತ್ತೆಂಟು ಕಿಲೋಬಿಟ್,
ಎಲ್ಲ ಫೋನಿಗೂ ಹುಟ್ಟಿನಿಂದ ಬಂದದ್ದು, ಹಿತ್ತಲ ಗಿಡ.
"ರೆಕ್ಕೆಗೆ ಮೇಣ ಮೆತ್ತಿದ ಹಾಗಿದೆ" ಎಂದೆ.
ಎಎಸಿ: "ಮೇಣ ಕರಗಿತು. ಮಂಜು ಇನ್ನೂ ಇದೆ."
ಆಪ್ಟ್‌ಎಕ್ಸ್: "ಅಂಚು ಚುರುಕು, ಹಿಂದೆ ತುಸು ಹೊಟ್ಟು."
ಎಲ್‌ಡ್ಯಾಕ್, ಒಂಬೈನೂರ ತೊಂಬತ್ತು! ಕಣ್ಣು ಮುಚ್ಚಿದೆ.
"ಈಗ ನೋಡಿ, ಡಬ್ಬಿಯ ಮರಳೂ ಕೇಳುತ್ತಿದೆ."

ಕುವಾಬಾರ ನಾಲ್ಕು ಸಲವೂ ಒಂದೇ ಮಾತು: "ಅದೇ ಹುಳು."
ಸಕಾಯ್‌ನ ಸೈಕಲ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ
ಬ್ರೇಕಿನ ಕೀರಲು ಕೇಳಿ ಪಾಸು, ಫೇಲು ಬರೆದ ಕಿವಿ.
"ಎಂಟು ಸಾವಿರ ಹರ್ಟ್ಸಿನ ಮೇಲಿನದೆಲ್ಲ
ಕಾರ್ಖಾನೆಯಲ್ಲೇ ಬಿಟ್ಟು ಬಂದೆ" ಎಂದು ನಕ್ಕರು.
ಪಾಪ, ಎಂದುಕೊಂಡೆ.

ಎಂದುಕೊಳ್ಳುತ್ತಲೇ ಫೋನು ತಿರುಗಿಸಿದೆ.
ನಾನು ಒತ್ತಿದ್ದು ಒಂದೂ ನಾಟಿರಲಿಲ್ಲ.
ಪರದೆಯ ಮೇಲೆ ಎಸ್‌ಬಿಸಿ.
ನಾಲ್ಕು ಸಲವೂ ಅದೇ ಹಿತ್ತಲ ಗಿಡ.
ಯಾರೂ ಕುಂಬಳಕಾಯಿ ಕಳ್ಳಿ ಅನ್ನಲಿಲ್ಲ;
ಕೈ ತಾನಾಗಿ ಹೆಗಲು ಮುಟ್ಟಿ ನೋಡಿಕೊಂಡಿತು.

ಅವರು ಕನ್ನಡಕ ಏರಿಸಿ ಪರದೆ ಓದಿದರು.
"ನಮ್ಮಲ್ಲೂ ಹೀಗೇ. ಸೋಮವಾರ ನಾನು ಫೇಲು ಮಾಡಿದ್ದು
ಶುಕ್ರವಾರ ನನ್ನ ಕೈಯಲ್ಲೇ ಪಾಸು.
ಸೈಕಲ್ಲಿಗೆ ಯಾರೂ ಏನೂ ಮಾಡಿರುತ್ತಿರಲಿಲ್ಲ."
ಇದ್ದುದರಲ್ಲಿ ಅಗ್ಗದ್ದನ್ನು ಎತ್ತಿಕೊಂಡರು.
ಡಬ್ಬಿಯ ಮರಳಲ್ಲಿ ಮೊಟ್ಟೆಗಳಿವೆಯಂತೆ,
ಜೂನಿನವರೆಗೂ ನೀರು ಚಿಮುಕಿಸುತ್ತಿರಬೇಕಂತೆ, ತಡವಾಯಿತಂತೆ.

ಅವರು ಇಳಿದ ಮೇಲೆ ಎಲ್‌ಡ್ಯಾಕನ್ನು ಸರಿಯಾಗಿ ಹಚ್ಚಿ ಕೇಳಿದೆ.
ವ್ಯತ್ಯಾಸ ಇದೆ.
ಇದೆಯೆ?
ಇದೆ ಅನ್ನಿಸಿತು.
ಅನ್ನಿಸುವುದಕ್ಕೆ ಎಷ್ಟು ಕಿಲೋಬಿಟ್?

ಮರುವಾರ, ನಂಬಾ ನಿಲ್ದಾಣ, ಸಂಜೆ ಆರೂಕಾಲು.
ಸಾವಿರ ಕಿವಿಗೆ ಸಾವಿರ ಕಾಣದ ದಾರ ಸಿಕ್ಕುಸಿಕ್ಕಾಗಿ
ನನ್ನ ಒಂಬೈನೂರ ತೊಂಬತ್ತು ಚೂರುಚೂರು.
ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಸಕಾಯ್ ಕಡೆಯ ರೈಲಿಗೆ
ಕುವಾಬಾರ ನಿಂತಿದ್ದರು,
ಒಂದು ಕಿವಿ ಹುಳುವಿಗೆ, ಒಂದು ಕಿವಿ ಘೋಷಣೆಗೆ.
ಚೀಲದ ಮೇಲೆ ಬೆರಳು ತಟ್ಟುತ್ತಿತ್ತು, ತಟ್ಟುತ್ತಿತ್ತು,
ನಿಂತಿತು. ಹುಳು ದಣಿವಾರಿಸಿಕೊಳ್ಳುವಷ್ಟು ಹೊತ್ತು
ಗಾಳಿಯಲ್ಲೇ ಕಾದಿತು.
ಮತ್ತೆ ತಟ್ಟತೊಡಗಿತು.